ಎರಿ ಹೊಲಕ್ಕೆ ಯಾವ ಅಟ್ಟೆ?

ವಿಜಯಪುರ ಜಿಲ್ಲೆಯ ಹಲಸಂಗಿಯ ಕಡೆ ಹಿಂಗಾರಿ ಬಿಳಿಜೋಳ ಕೊಯ್ದ ಮೇಲೆ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಉಳಿಯುವ ಕೂಳೆ ಮೊಳೆಯಷ್ಟೇ ಚೂಪು. ಇಂಡಿ ತಾಲ್ಲೂಕಿನ ಲಿಂಬೆ ತೋಟಗಳಲ್ಲಿ ಒಣಗಿ ಬಿದ್ದ ಟೊಂಗೆಯ ಮುಳ್ಳು ಅದಕ್ಕಿಂತ ಕೆಟ್ಟದ್ದು. ತೆಳು ಅಟ್ಟೆಯ, ಹಿಮ್ಮಡಿ ಎತ್ತರವಿಲ್ಲದ, ಬೆರಳುಗಳಿಗೆ ಅಗಲ ಜಾಗ ಬಿಡುವ ‘ಬರಿಗಾಲಿನ ಬೂಟು’ ಈಗ ಮಾರುಕಟ್ಟೆಯಲ್ಲಿದೆ. ಇಂಥ ನೆಲಕ್ಕೆ ಅದು ಸಾಕೇ, ದಪ್ಪ ಅಟ್ಟೆಯೇ ಬೇಕೇ ಎಂಬಲ್ಲಿ ತಿಳಿದವರಲ್ಲೂ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ.

ತೆಳು ಅಟ್ಟೆಯ ಪರವಾದ ಮುಖ್ಯ ಕಾರಣ, ಅದರಲ್ಲಿ ಪಾದಕ್ಕೆ ನೆಲ ತಿಳಿಯುತ್ತದೆ. ಬೇಸಿಗೆಯಲ್ಲಿ ಎರಿ ಭೂಮಿ ಬಿರಿದಾಗ ಬಿರುಕಿನ ಅಂಚು ಮೊದಲು ಅಂಗಾಲಿಗೇ ಗೊತ್ತಾಗಬೇಕು. ಎತ್ತರದ ಅಟ್ಟೆಯ ಮೇಲೆ ನಿಂತವನ ಕಾಲು ಉಳುಕುವುದು ಸುಲಭ. ಬೆರಳು ಹರಡಿ ನಡೆದರೆ ಪಾದದ ಸಣ್ಣ ಸ್ನಾಯುಗಳೂ ದುಡಿಯುತ್ತವೆ. ಈ ನಾಡಿಗೆ ಸಮತಟ್ಟಾದ ಮೆಟ್ಟು ಹೊಸತೂ ಅಲ್ಲ. ಮೊಳೆಯಿಲ್ಲದೆ ಚರ್ಮದ ದಾರದಲ್ಲೇ ಹೊಲಿಯುವ ಕೊಲ್ಹಾಪುರಿ ಕಾಲ್ಮರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು.

ಆದರೆ ಆ ಕಾಲ್ಮರಿ ಮೆಟ್ಟಿದವರು ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಾಡಿ ಪಾದ ಗಟ್ಟಿ ಮಾಡಿಕೊಂಡವರು. ಇಪ್ಪತ್ತು ವರ್ಷ ಮೆತ್ತನೆಯ ಶೂ ಹಾಕಿದವರಿಗೆ ಅದೇ ಮಾತು ಹೇಳಲಾಗದು. ಇಂಥದೇ ತೆಳು ಅಟ್ಟೆಯ, ಐದು ಬೆರಳಿನ ಶೂ ತಯಾರಿಸುವ ವೈಬ್ರಮ್ ಕಂಪನಿಯ ಮೇಲೆ, ಆರೋಗ್ಯಲಾಭದ ಜಾಹೀರಾತಿಗೆ ಆಧಾರವಿಲ್ಲವೆಂದು ಅಮೆರಿಕದಲ್ಲಿ ದಾವೆ ಹೂಡಲಾಗಿತ್ತು. ತಪ್ಪೊಪ್ಪಿಕೊಳ್ಳದೆಯೇ ಕಂಪನಿ 2014ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ ಅಧ್ಯಯನವೊಂದರಲ್ಲಿ, ಹತ್ತು ವಾರಗಳಲ್ಲಿ ಆ ಶೂಗೆ ಬದಲಾದ ಓಟಗಾರರ ಪಾದದ ಮೂಳೆಯೊಳಗೆ ಬಾವು ಹೆಚ್ಚಾಗಿ ಕಂಡುಬಂತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಮಂಕಾದವರಿಗಂತೂ ‘ನೆಲ ತಿಳಿಯುತ್ತದೆ’ ಎಂಬ ವಾದ ನಿಲ್ಲುವುದಿಲ್ಲ. ಚುಚ್ಚಿದ ಮುಳ್ಳು ಅವರಿಗೆ ಗೊತ್ತೇ ಆಗದೆ ಗಾಯ ಕೊಳೆಯಬಹುದು. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಇದಕ್ಕಿಂತ ಭಾರವಾದ ಆಕ್ಷೇಪವಿಲ್ಲ.

ದಪ್ಪ ಬೂಟಿನ ದೋಷಗಳೂ ಸಣ್ಣವಲ್ಲ. ಮಳೆ ಬಿದ್ದ ಎರಿ ಮಣ್ಣು ಅದರ ಅಟ್ಟೆಯ ಗೆರೆಗಳಲ್ಲಿ ಮೆತ್ತಿಕೊಂಡು ಹತ್ತು ಹೆಜ್ಜೆಗೆ ಕಾಲು ಎತ್ತಲಾರದಷ್ಟು ಭಾರವಾಗುತ್ತದೆ. ಬೇಸಿಗೆಯಲ್ಲಿ ಒಳಗೆ ಕಾಲು ಬೇಯುತ್ತದೆ. ಕಿರಿದಾದ ಮುಂಭಾಗ ಬೆರಳುಗಳನ್ನು ಹಿಚುಕುತ್ತದೆ.

ಹಾವಿನ ಭಯವನ್ನು ದಪ್ಪ ಅಟ್ಟೆಯ ಪರವಾದ ಕಾರಣವೆಂದು ಹೇಳುವುದುಂಟು. ಭಯ ನಿಜ, ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯವೆಂದು ಘೋಷಿಸಿದೆ. ಆದರೆ ಕೊಳಕುಮಂಡಲ ಕಚ್ಚುವುದು ಹೆಚ್ಚಾಗಿ ಪಾದ, ಹರಡಿನ ಭಾಗಕ್ಕೆ. ಅಲ್ಲಿ ಕಾಯುವುದು ಬೂಟಿನ ಎತ್ತರ, ಅಟ್ಟೆಯ ದಪ್ಪವಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದಿದ್ದರಿಂದಲೇ ವಾದ ಇಷ್ಟು ಬಿಗಿಯಾಗಿದೆ ಎನಿಸುತ್ತದೆ.

ಹಾಗಿದ್ದರೆ, ಎಚ್ಚರಿಕೆಯಿಂದ ಹೇಳುವುದಾದರೆ, ಈ ನೆಲಕ್ಕೆ ಒಪ್ಪುವುದು ಸಮತಟ್ಟಾದ, ಮುಂಭಾಗ ಅಗಲವಾದ, ಹರಡು ಮುಚ್ಚುವ ಬೂಟು. ಅಟ್ಟೆ ಮಾತ್ರ ಲಿಂಬೆಮುಳ್ಳು ತಡೆಯುವಷ್ಟು ದಪ್ಪ, ಕೈಯಲ್ಲಿ ಬಗ್ಗುವಷ್ಟು ತೆಳು. ಅಭ್ಯಾಸವಿಲ್ಲದವರು ಮೊದಲ ಕೆಲವು ವಾರ ದಿನಕ್ಕೆ ಅರ್ಧ ಗಂಟೆ ಅಂಗಳದಲ್ಲಿ, ಸಾಫಾದ ಬದುವಿನಲ್ಲಿ ಮೆಟ್ಟಿ ನೋಡಲಿ. ಸಕ್ಕರೆ ಕಾಯಿಲೆಯವರು ವೈದ್ಯರು ಹೇಳಿದ ಮೆತ್ತನೆಯ ಪಾದರಕ್ಷೆಯನ್ನು ಬಿಡದಿರಲಿ.