ದಂಡ ತೆರುವವರು ವಿದ್ಯಾರ್ಥಿಗಳೇಕೆ?

ದೇಶದೇಶಗಳ ವಿಶ್ವವಿದ್ಯಾನಿಲಯಗಳನ್ನು ಪರಸ್ಪರ ಬೆಸೆಯುವ ಕಾರ್ಯದಲ್ಲಿ ಐರೋಪ್ಯ ಒಕ್ಕೂಟವು ಬಹುದೂರ ಸಾಗಿದೆ. ಫ್ರಾನ್ಸಿನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ 2017ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಮುಂದಿಟ್ಟ ಪ್ರಸ್ತಾಪದ ಫಲವಾಗಿ 2019ರಲ್ಲಿ 17 ಮೈತ್ರಿಕೂಟಗಳು ಆಯ್ಕೆಯಾದವು. 2024ರ ವೇಳೆಗೆ ಅವು 64ಕ್ಕೇರಿ, 500ಕ್ಕೂ ಹೆಚ್ಚು ಶಿಕ್ಷಣ ಸಂಸ್ಥೆಗಳನ್ನು ಒಳಗೊಂಡವು. ಒಂದು ದೇಶದಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಯು ಇನ್ನೊಂದರಲ್ಲಿ ಕೆಲವು ತಿಂಗಳು ಕಲಿಯುತ್ತಾನೆ. ಅಧ್ಯಾಪಕರೂ ಹಾಗೆಯೇ ಹೋಗಿ ಪಾಠ ಹೇಳಿ ಬರುತ್ತಾರೆ.

ಇದರ ಬೇರು ಓರ್ವ ವಿದ್ಯಾರ್ಥಿನಿಯ ಅವಮಾನದಲ್ಲಿದೆ. ಇಟಲಿಯ ಸೋಫಿಯಾ ಕೊರಾದಿ ಅಮೆರಿಕದ ಕೊಲಂಬಿಯಾದಲ್ಲಿ ಕಾನೂನು ಕಲಿತು 1958ರಲ್ಲಿ ಮರಳಿದಾಗ ರೋಮಿನ ವಿಶ್ವವಿದ್ಯಾನಿಲಯವು ಆ ಕಲಿಕೆಗೆ ಮಾನ್ಯತೆ ನೀಡಲಿಲ್ಲ. (ಊರು ಬದಲಿಸಿದ್ದಕ್ಕೆ ಪ್ರಮಾಣಪತ್ರಗಳ ಕಂತೆ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ನಮ್ಮ ಮಕ್ಕಳಿಗೆ ಇದರ ಕಹಿ ಗೊತ್ತು.) ಆಕೆಯ ದೀರ್ಘಕಾಲದ ಹೋರಾಟದ ಬೆನ್ನಿಗೆ 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಎರಾಸ್ಮಸ್ ಯೋಜನೆ ಆರಂಭಗೊಂಡಿತು. 2025ರ ಅಕ್ಟೋಬರಿನಲ್ಲಿ ನಿಧನರಾದ ಕೊರಾದಿಯವರನ್ನು ಜನ ‘ಎರಾಸ್ಮಸ್‌ನ ತಾಯಿ’ ಎಂದೇ ಕರೆಯುತ್ತಿದ್ದರು.

ಆದರೆ ಸರಕಾರಗಳು ಮುನಿಸಿಕೊಂಡಾಗ ಮೊದಲು ಮುಚ್ಚುವುದು ಇದೇ ಬಾಗಿಲು. 2014ರ ಫೆಬ್ರವರಿಯಲ್ಲಿ ಸ್ವಿಸ್ ಮತದಾರರು ವಲಸೆಗೆ ಮಿತಿ ಹೇರಲು ಬಹುಮತ ನೀಡಿದರು. ಅದರ ಬೆನ್ನಿಗೆ ಅಲ್ಲಿನ ವಿದ್ಯಾರ್ಥಿಗಳು ಎರಾಸ್ಮಸ್‌ನಿಂದ ಹೊರಗುಳಿಯಬೇಕಾಯಿತು. ಮತ ಹಾಕಿದವರು ಯಾರೋ, ದಂಡ ತೆತ್ತವರು ಯಾರೋ!

ಹಂಗೇರಿಯದು ಇನ್ನೂ ಜಟಿಲ ಪ್ರಕರಣ. ಅಲ್ಲಿ ವಿಶ್ವವಿದ್ಯಾನಿಲಯಗಳನ್ನು ಟ್ರಸ್ಟ್‌ಗಳಿಗೆ ಒಪ್ಪಿಸಿ, ಅವುಗಳ ಮಂಡಳಿಗಳಲ್ಲಿ ಆಡಳಿತ ಪಕ್ಷದ ರಾಜಕಾರಣಿಗಳನ್ನು ಕೂರಿಸಲಾಗಿತ್ತು. ಸಾರ್ವಜನಿಕ ಹಣ ಇಂಥ ಕೈಗಳಿಗೆ ಹೋಗಬಾರದೆಂದು ಒಕ್ಕೂಟವು 2022ರ ಡಿಸೆಂಬರಿನಲ್ಲಿ 20ಕ್ಕೂ ಹೆಚ್ಚು ವಿಶ್ವವಿದ್ಯಾನಿಲಯಗಳೊಂದಿಗೆ ಹೊಸ ಒಪ್ಪಂದಗಳನ್ನು ತಡೆಯಿತು. ಆಕ್ಷೇಪ ನ್ಯಾಯಯುತವೇ ಎಂದು ನಾವು ಭಾವಿಸುತ್ತೇವೆ. ಆದರೆ ಅದರಿಂದ ಮಂಡಳಿಯ ಸದಸ್ಯರಿಗೆ ಏನಾಯಿತು? ಅವಕಾಶ ಕಳಕೊಂಡವನು ಆ ಮಂಡಳಿಯ ನೇಮಕದಲ್ಲಿ ಯಾವ ಪಾತ್ರವೂ ಇಲ್ಲದ ವಿದ್ಯಾರ್ಥಿ. ಸಂಸ್ಥೆಯನ್ನು ದೂರವಿಟ್ಟು, ಧನಸಹಾಯವನ್ನು ನೇರವಾಗಿ ವಿದ್ಯಾರ್ಥಿಯ ಕೈಗೆ ತಲುಪಿಸುವ ದಾರಿಯನ್ನು ಮೊದಲೇ ಕಂಡುಕೊಳ್ಳಬೇಕಿತ್ತು. ಮೈತ್ರಿಕೂಟಗಳ ಕರಾರುಗಳಲ್ಲೇ ಇಂಥ ರಕ್ಷಣೆ ಇರಲೇಬೇಕು.

ಬ್ರಿಟನ್ ಸ್ವತಃ ಹೊರನಡೆಯಿತು. 2021ರಲ್ಲಿ ಅದು ತಂದ ಟ್ಯೂರಿಂಗ್ ಯೋಜನೆಯು ತನ್ನ ವಿದ್ಯಾರ್ಥಿಗಳನ್ನು ಹೊರಕ್ಕೆ ಕಳುಹಿಸಿತೇ ಹೊರತು, ಬರುವವರಿಗಾಗಲೀ ವಿಶ್ವವಿದ್ಯಾನಿಲಯಗಳ ಅಧ್ಯಾಪಕರ ಪ್ರಯಾಣಕ್ಕಾಗಲೀ ಹಣ ಕೊಡಲಿಲ್ಲ. ಬರುವವರಿಗೆ ಮುಚ್ಚಿದ ಬಾಗಿಲಿಗೆ ವಿನಿಮಯವೆಂಬ ಹೆಸರು ಒಪ್ಪುವುದೇ? ಇದೇ ವೇಳೆ ಐರ್ಲೆಂಡ್ ತನ್ನ ಬೊಕ್ಕಸದಿಂದ ಹಣ ತೆತ್ತು, ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡಿನ ವಿದ್ಯಾರ್ಥಿಗಳಿಗೆ ಎರಾಸ್ಮಸ್‌ನ ಅವಕಾಶ ಉಳಿಸಿಕೊಡಲು ಮುಂದಾಯಿತು. ಮನಸ್ಸಿದ್ದ ಸರಕಾರಕ್ಕೆ ದಾರಿ ಕಂಡಿತು. 2027ರಿಂದ ಎರಾಸ್ಮಸ್‌ಗೆ ಮರಳುವುದಾಗಿ ಬ್ರಿಟನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿದೆ. ನಡುವಿನ ವರ್ಷಗಳಲ್ಲಿ ಪದವಿ ಮುಗಿಸಿ ಹೊರಟವರಿಗೆ ಆ ಮರಳುವಿಕೆಯಿಂದ ದೊರೆಯುವುದೇನೂ ಇಲ್ಲ.