ಕೆಣಕಿದರೆ ಕೈ ಎತ್ತಬೇಕೆ?

ಭಾನುವಾರ ಬಂತೆಂದರೆ ಶ್ರೀರಾಂಪುರದ ಓಣಿಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟಿನ ಗಲಾಟೆ. ಅಂಗಡಿಯವರು ಗಾಜಿನ ಭರಣಿಗಳನ್ನು ಒಳಕ್ಕೆ ಸರಿಸುತ್ತಾರೆ. ಅವರಿಗೆ ಚೆಂಡಿಗಿಂತ ಜಗಳದ ಭಯವೇ ಹೆಚ್ಚು. ಔಟೋ ಅಲ್ಲವೋ ಎಂದು ಶುರುವಾದ ಮಾತು ಅಪ್ಪ ಅಮ್ಮನವರೆಗೂ ಹೋಗಿ, ನೆಟ್ಟ ವಿಕೆಟ್ಟು ಕೈಗೆ ಬರಲು ಎಷ್ಟು ಹೊತ್ತು? ಆಮೇಲೆ ಕೇಳಿದರೆ ಉತ್ತರ ಒಂದೇ: "ಅವನೇ ಕೆಣಕಿದ್ದು ಸಾರ್. ಸುಮ್ನಿರೋಕೆ ನಾನೇನು ಬಳೆ ತೊಟ್ಕೊಂಡಿದ್ನಾ?"

ಬಸ್ಸಿಗೆ ಕಾಯುತ್ತಾ ಇದನ್ನು ಕೇಳಿದವರಲ್ಲಿ ಅನೇಕರು "ಅದೂ ಸರೀನೇ" ಅನ್ನುತ್ತಾರೆ. ನಿಜಕ್ಕೂ ಸರಿಯೇ?

ಕೆಣಕುವವನು ಸುಮ್ಮನೆ ಕೆಣಕುವುದಿಲ್ಲ. ಎದುರಾಳಿಯ ತಲೆ ಕೆಡಬೇಕು, ಆಟ ಕೆಡಬೇಕು ಎಂಬುದೇ ಅವನ ಲೆಕ್ಕ. ಕೈ ಎತ್ತಿದವನು ಆ ಲೆಕ್ಕವನ್ನು ತಾನೇ ಪೂರ್ತಿ ಮಾಡಿಕೊಡುತ್ತಾನೆ. 2006ರ ವಿಶ್ವಕಪ್ ಫುಟ್ಬಾಲ್ ಫೈನಲ್ಲಿನಲ್ಲಿ ಇಟಲಿಯ ಮಾತೆರಾಜ್ಜಿ ಆಡಿದ ಮಾತಿಗೆ ಫ್ರಾನ್ಸಿನ ಜಿದಾನ್ ಎದೆಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡು ಪಡೆದು ಹೊರನಡೆದ. ಆಮೇಲೆ ಇಬ್ಬರಿಗೂ ಶಿಕ್ಷೆಯಾಯಿತು, ಆದರೆ ಕಪ್ಪು ಇಟಲಿಗೇ ಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ನಮ್ಮ ದೇಶದಲ್ಲೂ ಇದು ನಡೆದಿದೆ. 1991ರಲ್ಲಿ ಜಮ್ಷೆಡ್‌ಪುರದ ದುಲೀಪ್ ಟ್ರೋಫಿ ಫೈನಲ್ಲಿನಲ್ಲಿ ಮಾತಿಗೆ ಮಾತು ಬೆಳೆದು, ಬೌಲರ್ ರಶೀದ್ ಪಟೇಲ್ ಸ್ಟಂಪು ಕಿತ್ತುಕೊಂಡು ರಮಣ್ ಲಾಂಬಾ ಮೇಲೆ ಏರಿಹೋದ. ಅದನ್ನು ಕಂಡ ಪ್ರೇಕ್ಷಕರು ಕಲ್ಲು ತೂರಿದರು. ಪಟೇಲ್‌ಗೆ 13 ತಿಂಗಳು, ಲಾಂಬಾಗೆ 10 ತಿಂಗಳು ನಿಷೇಧ ಬಿತ್ತು. ಇಬ್ಬರ ಜಗಳ ಇಬ್ಬರಲ್ಲೇ ನಿಲ್ಲುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಓಣಿಯಲ್ಲಾದರೆ ಆ ಕಲ್ಲು ಬೀಳುವುದು ಅಂಗಡಿ ಗಾಜಿಗೆ, ದಾರಿಹೋಕರ ತಲೆಗೆ.

ಕಾನೂನು ಏನು ಹೇಳುತ್ತದೆ? ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಕೆಂದೇ ನೋವುಂಟುಮಾಡಿದರೆ ಒಂದು ವರ್ಷದವರೆಗೆ ಜೈಲು. ತೀವ್ರವಾಗಿ, ಹಠಾತ್ತನೆ ಕೆಣಕಿದ್ದರಿಂದ ಹೊಡೆದದ್ದಾದರೆ ಒಂದು ತಿಂಗಳವರೆಗೆ. ಅಂದರೆ ಕೆಣಕಿದ್ದರಿಂದ ಶಿಕ್ಷೆ ಇಳಿಯುತ್ತದೆ, ಅಪರಾಧ ಅಳಿಯುವುದಿಲ್ಲ. ಬಿದ್ದ ಏಟನ್ನು ತಡೆಯೋದು ಬೇರೆ, ಬಿದ್ದ ಮಾತಿಗೆ ಏಟು ಕೊಡೋದು ಬೇರೆ. ಮೊದಲನೆಯದು ಆತ್ಮರಕ್ಷಣೆ, ಎರಡನೆಯದು ಬರೀ ಸೇಡು.

ಹಾಗಾದರೆ ಅವಮಾನ ನುಂಗಿಕೊಂಡು ಹೋಗಬೇಕೆ? ಬೇಡ. 1996ರ ಮಾರ್ಚ್ 9ರಂದು ಇದೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ವಿಶ್ವಕಪ್ ಕ್ವಾರ್ಟರ್ ಫೈನಲ್ಲಿನಲ್ಲಿ, ಪಾಕಿಸ್ತಾನದ ಅಮೀರ್ ಸೊಹೈಲ್ ಬೌಂಡರಿ ಬಾರಿಸಿ, ಬ್ಯಾಟನ್ನು ಅತ್ತ ತೋರಿಸಿ ವೆಂಕಟೇಶ್ ಪ್ರಸಾದರನ್ನು ಕೆಣಕಿದ. ಮುಂದಿನ ಚೆಂಡಿಗೇ ಸೊಹೈಲ್ ಬೌಲ್ಡ್! ಪ್ರಸಾದ್ ಪೆವಿಲಿಯನ್ ದಾರಿ ತೋರಿಸಿ ನಾಲ್ಕು ಮಾತು ಬಿಸಿಯಾಗಿಯೇ ಅಂದರು. ಅದೂ ಬೇಕಿರಲಿಲ್ಲವೇನೋ, ಆದರೆ ಕೈ ಮಾಡಲಿಲ್ಲ. ಇಜಾಜ್, ಇಂಜಮಾಮ್ ವಿಕೆಟ್ಟೂ ಅವರಿಗೇ. ಭಾರತ 39 ರನ್ನುಗಳಿಂದ ಗೆದ್ದಿತು. ಏಟೇ ಕೊಟ್ಟಿದ್ದರೆ ಊರು ಆ ದಿನವನ್ನು ಇಷ್ಟು ಹೆಮ್ಮೆಯಿಂದ ನೆನೆಯುತ್ತಿತ್ತೆ?

ಹೊಡೆದವನಿಗೆ ಮಾತ್ರ ಬುದ್ಧಿ ಹೇಳಿ, ಕೆಣಕಿದವನನ್ನು ಬಿಟ್ಟರೆ ಅದು ನ್ಯಾಯವಲ್ಲ. 2017ರಲ್ಲಿ ಬಂದ ಕ್ರಿಕೆಟ್ ನಿಯಮದ ಪ್ರಕಾರ ಅವಾಚ್ಯ ಮಾತಿಗೆ ಮೊದಲು ಎಚ್ಚರಿಕೆ, ಮತ್ತೆ ನಡೆದರೆ ಎದುರು ತಂಡಕ್ಕೆ 5 ರನ್. ಹೊಡೆದಾಟಕ್ಕಾದರೆ 5 ರನ್ನಿನ ಜೊತೆಗೆ ಆ ಪಂದ್ಯದಿಂದಲೇ ಹೊರಕ್ಕೆ. ಇದೇ ನಿಯಮವನ್ನು ಓಣಿ ಟೂರ್ನಮೆಂಟಿಗೂ ತರಲು ಕಾಸೇನೂ ಖರ್ಚಾಗದು. ಕಪ್ಪಿಗೆ ಚಂದಾ ಕೊಡುವವರು ಅಂಗಡಿಯವರೇ ತಾನೆ? ರಶೀದಿ ಹರಿಯುವ ಮೊದಲು ಹುಡುಗರಿಗೆ ಒಂದು ಷರತ್ತು ಹಾಕಲಿ: ಬಾಯಿ ಕೆಟ್ಟರೆ ರನ್ ಹೋಗುತ್ತೆ, ಕೈ ಎತ್ತಿದರೆ ಆಟವೇ ಹೋಗುತ್ತೆ. ಒಪ್ಪಿದರೆ ಚಂದಾ, ಇಲ್ಲದಿದ್ದರೆ ಇಲ್ಲ.