ಉಣ್ಣಿಯ ಮನೆ ಗೋಡೆಯಲ್ಲಿದೆ

ಮೊದಲ ಮಳೆ ಬಿದ್ದೊಡನೆ ನಮ್ಮ ಜತ್ತ, ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ದನಗಳಿಗೆ ಉಣ್ಣಿಯ ಕಾಟ ಹೆಚ್ಚುತ್ತದೆ. ರೈತನು ಸಂತೆಯಿಂದ ಔಷಧದ ಬಾಟಲಿ ತಂದು ಆಕಳ ಮೈಗೆ ಹಚ್ಚುತ್ತಾನೆ. ಕೆಲವು ದಿನಗಳಲ್ಲಿ ಉಣ್ಣಿ ಮತ್ತೆ ಹಾಜರು. ಔಷಧವೇ ಖೊಟ್ಟಿ ಎಂದು ಅಂಗಡಿಕಾರನನ್ನು ಬೈಯುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ನಾವು ವೈರಿಯನ್ನು ಅರ್ಧ ಜಾಗದಲ್ಲಿ ಮಾತ್ರ ಹುಡುಕುತ್ತಿದ್ದೇವೆ.

ರಕ್ತ ಕುಡಿದು ಔಡಲ ಬೀಜದಂತೆ ಉಬ್ಬಿದ ಹೆಣ್ಣುಣ್ಣಿ ತಾನಾಗಿ ನೆಲಕ್ಕೆ ಉದುರುತ್ತದೆ. ಗೋಡೆಯ ಸಂದು, ಗೋದಲಿಯ ಬುಡ, ಕಸದ ಅಡಿ ಸೇರಿ 2,000ಕ್ಕೂ ಹೆಚ್ಚು ತತ್ತಿ ಇಟ್ಟು ಸಾಯುತ್ತದೆ. ಹತ್ತು ಉಣ್ಣಿ ಉದುರಿದರೆ 20,000 ತತ್ತಿ. ನೂರಕ್ಕೆ ಒಂದು ಬದುಕಿದರೂ 200 ಹೊಸ ಉಣ್ಣಿ! ನಮ್ಮ ಕೊಟ್ಟಿಗೆಗಳೋ ಕರಿಕಲ್ಲಿನವು. ಕಲ್ಲು ಗಟ್ಟಿ, ಆದರೆ ನಡುವಿನ ಎರೆಮಣ್ಣು ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಆ ಬಿರುಕೇ ಉಣ್ಣಿಯ ಬಾಣಂತಿಕೋಣೆ.

ಇದು ಬರೀ ತುರಿಕೆಯ ಮಾತಲ್ಲ. ಉಣ್ಣಿಯಿಂದ ದನಕ್ಕೆ ಜ್ವರ ಹರಡುತ್ತದೆಂದು ಅಮೇರಿಕೆಯ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿಯೇ ತೋರಿಸಿಕೊಟ್ಟರು. ನಮ್ಮಲ್ಲಿ ಥೈಲೀರಿಯಾ ಜ್ವರವು ಮಿಶ್ರತಳಿ ಆಕಳು, ಕರುಗಳಿಗೆ ಬಲು ಕೆಟ್ಟದ್ದು. ಕಂತು ಮುಗಿಯುವ ಮೊದಲೇ ಸಾಲದ ಆಕಳು ಸತ್ತರೆ ಸಂಸಾರವೇ ಕುಸಿಯುತ್ತದೆ. ಜ್ವರ ಬಂದು ಗಂಟಲು, ಭುಜದ ಗಂಟು ಬಾತರೆ ಅಂದೇ ಪಶುವೈದ್ಯರನ್ನು ಕರೆಯಿರಿ.

ಮಾಡಬೇಕಾದುದು ಇಷ್ಟು. ಸಂದುಗಳನ್ನು ಕೆರೆದು ಸಿಮೆಂಟು ಇಲ್ಲವೆ ಸುಣ್ಣದ ಗಾರೆ ತುಂಬಿರಿ, ಮೇಲೆ ಸುಣ್ಣ ಬಳಿಯಿರಿ. ಗೋದಲಿಯ ಹಳೆಯ ಕಸ ತೆಗೆದು ಸುಡಿರಿ. ಮೈಗೆ ಔಷಧ ಹಚ್ಚಿದ ದಿನವೇ ವೈದ್ಯರು ಹೇಳಿದ ಔಷಧವನ್ನು ಗೋಡೆಗೂ ಸಿಂಪಡಿಸಿರಿ. ಜವಾರಿ ಕೋಳಿಗಳು ಉಣ್ಣಿ ಹೆಕ್ಕುತ್ತವೆ. ಆದರೆ ಔಷಧ ಹೊಡೆದ ದಿನ ಅವನ್ನು ಒಳಗೆ ಬಿಡಬೇಡಿರಿ. ಉಣ್ಣಿಯನ್ನು ಬೆರಳಿನಿಂದ ಹಿಸುಕಲೂ ಬೇಡಿರಿ. 2011ರಲ್ಲಿ ಗುಜರಾತದಲ್ಲಿ ಕಂಡ ಕಾಂಗೋ ಜ್ವರವು ಉಣ್ಣಿಯಿಂದ ಮನುಷ್ಯರಿಗೂ ತಗಲುವಂಥದು.

ಔಷಧಕ್ಕೆ ಹೆಚ್ಚು ನೀರು ಬೆರೆಸುವುದು ಉಳಿತಾಯವಲ್ಲ. ತೆಳು ಔಷಧಕ್ಕೆ ಸಾಯದ ಉಣ್ಣಿಗಳ ಸಂತತಿಗೆ ಮುಂದೆ ಅದು ನಾಟುವುದೇ ಇಲ್ಲ. ಹಿರಿಯರು ಬಳಸುತ್ತಿದ್ದ ಗಮಾಕ್ಸಿನ್ ಪುಡಿಯನ್ನು, ಅಂದರೆ ಬಿ.ಎಚ್.ಸಿ.ಯನ್ನು, 1997ರಲ್ಲಿ ಸರಕಾರ ನಿಷೇಧಿಸಿದೆ. ಅದರ ಗೊಡವೆ ಬೇಡ.

ಇನ್ನೊಂದು ತೊಡಕು ನಮ್ಮ ಗಡಿಯವರದೇ. ಬಾಟಲಿಯ ಬರಹ ಇಂಗ್ಲಿಷು, ಹಿಂದಿ, ಪತ್ರಕ ಮರಾಠಿ. ಮನೆಯ ಹಿರಿಯರಿಗೆ ಕನ್ನಡ ಮಾತ್ರ ಗೊತ್ತು. ಅಳತೆ ತಪ್ಪುವುದು ಇಲ್ಲಿಯೇ. ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಅಳತೆಯನ್ನೂ, ಹಾಲು ಎಷ್ಟು ದಿನ ಬಿಡಬೇಕೆಂಬುದನ್ನೂ ಓದಿಸಿ, ಕೊಟ್ಟಿಗೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಿರಿ. ಗಡಿಯ ಪಶುದವಾಖಾನೆಗಳಲ್ಲಿ ಕನ್ನಡ ಪತ್ರಕ ಇಡಬೇಕೆಂದು ಗ್ರಾಮಸಭೆಯಲ್ಲಿ ಕೇಳುವುದೂ ನ್ಯಾಯವೇ.

ಒಬ್ಬನೇ ಕೊಟ್ಟಿಗೆ ಮೆತ್ತಿದರೆ ನೆರೆಮನೆಯ ದನದ ಉಣ್ಣಿ ದಾಟಿ ಬರುತ್ತದೆ. ಆದುದರಿಂದ ಬಿತ್ತಿಗೆಗೆ ಮುಂಚೆ ಒಂದು ವಾರ ಗೊತ್ತುಮಾಡಿ ಓಣಿಗೆ ಓಣಿಯೇ ಈ ಕೆಲಸ ಮುಗಿಸಲಿ. ಒಂದು ಚೀಲ ಸುಣ್ಣದ ಬೆಲೆಯನ್ನೂ ಒಂದು ಆಕಳ ಬೆಲೆಯನ್ನೂ ರೈತಬಂಧುಗಳೇ ತೂಗಿ ನೋಡಲಿ.